ಎರಡು ಕೆಲಸದ ನಾಯಿ

ಚೆಂಗಪ್ಪನವರು ಕುಟ್ಟದ ಕಡೆಯ ಕಾಫಿ ಬೆಳೆಗಾರರು. ಬಂದೂಕಿನ ತೋಟಾ ಇಟ್ಟುಕೊಳ್ಳುವ ಬೆಲ್ಟು ಹರಿದರೆ, ಬಂದೂಕಿನ ಪಟ್ಟಿ ಸವೆದರೆ, ಹುಣಸೂರಿಗೆ ಬಂದು ಪೀರ್ ಸಾಬರ ಚರ್ಮದ ಸಾಮಾನಿನ ಅಂಗಡಿಯಲ್ಲೇ ಹೊಲಿಸಿಕೊಂಡು ಹೋಗುವುದು ಅವರ ತಂದೆಯ ಕಾಲದ ರೂಢಿ. ಈಗ ಪೀರ್ ಸಾಬರ ಕೈ ನಡುಗುತ್ತದೆ. ಹೊಲಿಯುವವಳು ಮಗಳು ಫಹ್ಮೀದಾ. ಮೂವತ್ತೊಂಬತ್ತರ ಹೆಂಗಸು, ಗಂಡನ ಮನೆ ಬಿಟ್ಟು ಬಂದು ಹನ್ನೊಂದು ವರ್ಷವಾಗಿತ್ತು. ದಬ್ಬಣ ಹಿಡಿದರೆ ಅಪ್ಪನಿಗಿಂತ ನೇರ ಹೊಲಿಗೆ ಹಾಕುತ್ತಾಳೆ ಎಂದು ಪೇಟೆಯಲ್ಲಿ ಮಾತು.

ಆ ದಿನ ಚೆಂಗಪ್ಪನವರ ಜೀಪಿನ ಹಿಂದುಗಡೆ ಜೀರಿಗೆ ಬಣ್ಣದ ಒಂದು ಲ್ಯಾಬ್ರಡಾರ್ ಹೆಣ್ಣುನಾಯಿ ಮುದುರಿಕೊಂಡು ಮಲಗಿತ್ತು. ವರ್ಷ ತುಂಬಿತ್ತೋ ಇಲ್ಲವೋ.

“ಯಾಕೆ ಸಾರ್ ಹಿಂಗೆ ಮಲಗಿದೆ? ಹುಷಾರಿಲ್ವಾ?” ಎಂದು ಫಹ್ಮೀದಾ ಕೇಳಿದಳು.

“ಹುಷಾರಾಗೇ ಇದೆ. ಬಂದೂಕಿನ ಸದ್ದು ಕೇಳಿದ್ರೆ ಮಂಚದ ಕೆಳಗೆ ಸೇರ್ಕೊಳ್ಳುತ್ತೆ. ಈ ಜಾತೀಲಿ ಹುಟ್ಟಿ ಗುಂಡಿಗೆ ಹೆದರಿದ್ರೆ ನಾನೇನು ಮಾಡ್ಲಿ? ಕೊಪ್ಪದಲ್ಲಿ ಯಾರೋ ಅಂಗಡಿ ಕಾಯೋಕೆ ಕೇಳಿದ್ರು. ಬಿಟ್ಟು ಬರೋಣ ಅಂತ ಹೊರಟಿದೀನಿ.”

ಬೇಟೆ ನಿಷೇಧವಾಗಿ ಎಷ್ಟೋ ಕಾಲವಾಗಿದೆ. ಆದರೂ ಚೆಂಗಪ್ಪನವರಂಥ ನಾಲ್ಕಾರು ಮಂದಿ ಬಂದೂಕಿನ ನಾಯಿಯ ವಿದ್ಯೆಯನ್ನು ಬಿಟ್ಟಿರಲಿಲ್ಲ. ಹಕ್ಕಿಯ ಬದಲು ಕ್ಯಾನ್ವಾಸ್ ಬಟ್ಟೆಯ ಗಂಟು, ಚರೆಯಿಲ್ಲದ ಬರೀ ಸದ್ದಿನ ತೋಟಾ. ಗುಂಡು ಹಾರಿದಾಗ ನಾಯಿ ಕದಲದೆ ಕೂತಿರಬೇಕು. ಗಂಟು ಬಿದ್ದ ಜಾಗವನ್ನು ನೆನಪಿಟ್ಟುಕೊಂಡು, ಹೇಳಿದಾಗ ಮಾತ್ರ ಹೋಗಿ, ಹಲ್ಲು ಊರದೆ ತಂದು ಕೈಗೆ ಕೊಡಬೇಕು. ಪ್ರತಿ ಜನವರಿಯಲ್ಲಿ ಅವರವರೇ ಸೇರಿ ಒಂದು ಪರೀಕ್ಷೆ ಇಟ್ಟುಕೊಳ್ಳುತ್ತಿದ್ದರು.

ಫಹ್ಮೀದಾ ಜೀಪಿನೊಳಕ್ಕೆ ಕೈ ಹಾಕಿದಳು. ನಾಯಿ ಮೂಸಿತು. ಅಂಗೈ, ಮಣಿಕಟ್ಟು, ತೋಳಿನ ಮಡಿಕೆ, ಆಮೇಲೆ ಅವಳು ಬೆಳಿಗ್ಗೆ ಎಲ್ಲೆಲ್ಲಿ ಹೋಗಿದ್ದಳೋ ಅದನ್ನೆಲ್ಲ ಓದುವ ಹಾಗೆ ಸಲ್ವಾರಿನ ಅಂಚು. ಅಷ್ಟು ಹೊತ್ತು ಯಾರೂ ಅವಳನ್ನು ಅಷ್ಟು ಗಮನವಿಟ್ಟು ನೋಡಿದ್ದಿಲ್ಲ.

“ನನಗೆ ಕೊಡಿ,” ಎಂದಳು.

ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳ ಅಮ್ಮಿಗೆ ಮರೆವು ಹತ್ತಿ, ಒಂದು ಮಧ್ಯಾಹ್ನ ಮನೆಯಿಂದ ಹೊರಟುಹೋಗಿದ್ದರು. ಬಸ್ ಸ್ಟ್ಯಾಂಡು, ಆಸ್ಪತ್ರೆ, ಲಕ್ಷ್ಮಣತೀರ್ಥ ಹೊಳೆಯ ಎರಡೂ ದಡ, ಎಲ್ಲ ಕಡೆ ಜನ ಹುಡುಕಿದರು. ಮೂರನೆಯ ದಿನ ಹೆಣವಾಗಿ ಸಿಕ್ಕಿದ್ದು ಹೊಗೆಸೊಪ್ಪಿನ ಹೊಲದ ಚರಂಡಿಯಲ್ಲಿ, ರಸ್ತೆಯಿಂದ ಇನ್ನೂರು ಹೆಜ್ಜೆ. ಆ ಬದುವಿನ ಮೇಲೆ ಫಹ್ಮೀದಾ ತಾನೇ ಎರಡು ಸಲ ಕೂಗುತ್ತಾ ಹಾದುಹೋಗಿದ್ದಳು. ಎಲೆ ಎದೆಯುದ್ದ ಬೆಳೆದಿತ್ತು, ಕಣ್ಣಿಗೆ ಕಾಣಲಿಲ್ಲ. ಕಣ್ಣು ಸೋತ ಕಡೆ ನಾಯಿಯ ಮೂಗು ಸೋಲುತ್ತಿರಲಿಲ್ಲ ಎಂಬುದು ಅಂದಿನಿಂದ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ನಾಯಿ ಮನೆಗೆ ಬಂದ ಸಂಜೆಯೇ ಅಣ್ಣ ರಿಯಾಜ್ ಕೂಗಾಡಿದ. “ನಮಾಜು ಮಾಡೋ ಮನೆಯೊಳಗೆ ನಾಯಿ ಓಡಾಡ್ಬೇಕಾ? ಮೊಹಲ್ಲಾದವರು ಏನಂತಾರೆ?”

ಪೀರ್ ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. “ಬೇಟೆಗೆ, ಕಾವಲಿಗೆ ನಾಯಿ ಸಾಕಬಹುದು. ಕೆಲಸದ ನಾಯಿಗೆ ಅಡ್ಡಿಯಿಲ್ಲ. ಒಳಗೆ ಬೇಡ, ಅಂಗಡಿ ಹಿಂದಿನ ಚಪ್ಪರದಲ್ಲಿ ಇರ್ಲಿ.”

“ಏನು ಕೆಲಸ ಅಬ್ಬಾ? ಬೇಟೆ ಎಲ್ಲಿದೆ ಈಗ?”

“ಎರಡು ಕೆಲಸ ಕಲಿಸ್ತೀನಿ ಭಾಯ್,” ಎಂದಳು ಫಹ್ಮೀದಾ. “ಚೆಂಗಪ್ಪೋರ ನಾಯಿಗಳು ಮಾಡೋ ಕೆಲಸಾನೂ ಮಾಡ್ತಾಳೆ, ಕಳೆದುಹೋದೋರನ್ನೂ ಹುಡುಕ್ತಾಳೆ. ಆಮೇಲೆ ಕೇಳು, ಇವಳಿಗೇನು ಕೆಲಸ ಅಂತ.”

ನಾಯಿಗೆ ಜೀರಾ ಎಂದು ಹೆಸರಿಟ್ಟಳು.

ಮೊದಲು ಸದ್ದಿನ ಭಯ ಬಿಡಿಸಬೇಕಿತ್ತು. ಊಟದ ತಟ್ಟೆ ಇಡುವಾಗ ದೂರದಲ್ಲಿ ಒಂದು ಪಾತ್ರೆಯ ಮುಚ್ಚಳ ಬೀಳಿಸುವುದು. ವಾರ ಕಳೆದಂತೆ ಮುಚ್ಚಳ ಹತ್ತಿರವಾಯಿತು, ಆಮೇಲೆ ಎರಡಾಯಿತು, ಆಮೇಲೆ ಪಟಾಕಿ. ಐದು ತಿಂಗಳ ನಂತರ ಚೆಂಗಪ್ಪನವರೇ ಬಂದು ಕೆರೆಯಂಗಳದಲ್ಲಿ ತೋಟಾ ಹಾರಿಸಿದಾಗ ಜೀರಾ ಬಾಲ ಅಲ್ಲಾಡಿಸಿ ತಟ್ಟೆ ಎಲ್ಲಿದೆ ಎಂದು ಹುಡುಕಿತು. ಚೆಂಗಪ್ಪನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆ ದಿನದಿಂದ ಅವರೇ ಸೀಟಿಯ ಪಾಠ ಹೇಳಿಕೊಟ್ಟರು. ಉದ್ದಕ್ಕೆ ಒಂದು ಊದಿದರೆ ಎಲ್ಲಿದೆಯೋ ಅಲ್ಲೇ ಕೂತು ಒಡತಿಯ ಮುಖ ನೋಡಬೇಕು. ಚಿಕ್ಕದಾಗಿ ಎರಡು ಊದಿದರೆ ವಾಪಸು ಬರಬೇಕು.

ಹುಡುಕುವ ಪಾಠಕ್ಕೆ ಅಡಗಿಕೊಳ್ಳುವವರು ಬೇಕಿತ್ತು. ಊರಾಚೆ ಹೊಗೆಸೊಪ್ಪು ಬೆಳೆಯುವ ನಂಜಣ್ಣ ಅಂಗಡಿಯ ಹಳೆಯ ಗಿರಾಕಿ. ಅವನ ಹೆಂಡತಿ ವೀರಮ್ಮ ಕೇಳಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಾನ್ ಅವುಸ್ಕೊಂಡ್ರೆ ಯಮನೂ ಕಂಡಿಡೀಬಾರ್ದು ಕಣವ್ವ, ನೋಡ್ತಿರು!” ದಪ್ಪ ಹೆಂಗಸು. ಜೋಳದ ಸಾಲಿನ ನಡುವೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಹಿಂದೆ, ಒಮ್ಮೆ ಹುಲ್ಲಿನ ಮೆದೆಯೊಳಗೇ ಹೊಕ್ಕು ಕೂತಳು. ಜೀರಾ ಗಾಳಿಗೆ ಮೂಗೆತ್ತಿ, ಅತ್ತಿತ್ತ ಹೊಯ್ದಾಡಿ, ಪ್ರತಿಸಲವೂ ಕಂಡುಹಿಡಿಯಿತು. ಆದರೆ ಬೊಗಳಬೇಕಾದ ಕಡೆ ಬೊಗಳದೆ ವೀರಮ್ಮನ ಚಪ್ಪಲಿ ಕಚ್ಚಿಕೊಂಡು ಬಂದು ಫಹ್ಮೀದಾಳ ಕೈಗಿಡುತ್ತಿತ್ತು.

“ನನ್ ಬುಟ್ಟು ನನ್ ಚಪ್ಲಿ ಉಳುಸ್ತದಲ್ಲೇ ನಿನ್ ನಾಯಿ!” ಎಂದು ವೀರಮ್ಮ ಬರಿಗಾಲಲ್ಲಿ ನಗುತ್ತಾ ಎದ್ದು ಬರುತ್ತಿದ್ದಳು.

ಚೆಂಗಪ್ಪನವರಿಗೆ ನಗು ಬರಲಿಲ್ಲ. “ಒಂದನ್ನ ಆರಿಸ್ಕೊಳ್ಳಿ ಫಹ್ಮೀದಾ. ಬಂದೂಕಿನ ನಾಯಿ ಪ್ರತಿ ಹೆಜ್ಜೆಗೂ ನಿಮ್ಮ ಮಾತು ಕೇಳ್ಬೇಕು, ಬಾಯಿ ಬಿಡಬಾರದು. ಹುಡುಕೋ ನಾಯಿ ನಿಮ್ಮನ್ನ ಮರೆತು ತನ್ನ ಮೂಗಿನ ಮಾತು ಕೇಳ್ಬೇಕು, ಬೊಗಳ್ಬೇಕು, ಏನನ್ನೂ ಮುಟ್ಟಬಾರದು. ಒಂದೇ ತಲೇಲಿ ಇವೆರಡನ್ನೂ ತುಂಬಿದ್ರೆ ಎರಡೂ ಕೆಡುತ್ತೆ. ನಲವತ್ತು ವರ್ಷದಿಂದ ನಾಯಿ ನೋಡಿದೀನಿ ನಾನು.”

“ನಾನು ಮಸೀದಿ ಮುಂದೆ ಹೋಗುವಾಗ ಒಂಥರಾ ನಡೀತೀನಿ, ಸಂತೇಲಿ ಒಂಥರಾ ನಡೀತೀನಿ. ನನ್ನ ತಲೆ ಏನು ಕೆಟ್ಟಿದೆಯಾ ಸಾರ್?”

“ನೀವು ಮನುಷ್ಯರು.”

“ಅವಳಿಗೆ ನನಗಿಂತ ಬುದ್ಧಿ ಇದೆ.”

ಹೇಳಿದ್ದು ಹಟಕ್ಕೆ. ಆದರೆ ಆ ಮಾತೇ ಅವಳಿಗೊಂದು ದಾರಿ ತೋರಿಸಿತು. ಮನುಷ್ಯರು ಬಟ್ಟೆ ಬದಲಿಸಿದರೆ ನಡಿಗೆ ಬದಲಾಗುತ್ತದೆ. ಅವಳು ಚರ್ಮ ಕೊಯ್ದು ಎರಡು ಸಾಮಾನು ಹೊಲಿದಳು. ಗಂಟು ತರುವ ಪಾಠಕ್ಕೆ ಕುತ್ತಿಗೆಗೆ ಒಂದು ಸಣ್ಣ ಪಟ್ಟಿ. ಹುಡುಕುವ ಪಾಠಕ್ಕೆ ಎದೆ, ಬೆನ್ನು ಸುತ್ತಿ ಬರುವ ಅಗಲದ ಜೀನು, ಅದರ ಬೆನ್ನಿಗೊಂದು ಕರುವಿನ ಗೆಜ್ಜೆ. ಪಟ್ಟಿ ಹಾಕಿದರೆ ಕೆರೆ ಕಡೆ, ಜೀನು ಹಾಕಿದರೆ ಹೊಲದ ಕಡೆ. ಪಟ್ಟಿಯಲ್ಲಿ ಬೊಗಳಿದರೆ ಪಾಠ ಅಲ್ಲಿಗೇ ಮುಗಿಯಿತು, ಜೀನಿನಲ್ಲಿ ಚಪ್ಪಲಿ ತಂದರೆ ತಿನಿಸು ಇಲ್ಲ. ಮೂರು ತಿಂಗಳಲ್ಲಿ, ಅವಳು ಚರ್ಮದ ಸಾಮಾನು ಗೂಟದಿಂದ ತೆಗೆಯುವುದನ್ನು ನೋಡಿಯೇ ಜೀರಾ ಯಾವ ಕಡೆ ತಿರುಗಬೇಕೆಂದು ತಿಳಿದುಕೊಂಡಿತು. ವೀರಮ್ಮನ ಚಪ್ಪಲಿ ಅವಳ ಕಾಲಲ್ಲೇ ಉಳಿಯಿತು.

ಜನವರಿಯ ಪರೀಕ್ಷೆ ಪಿರಿಯಾಪಟ್ಟಣದ ಆಚೆ ಒಂದು ಕೆರೆಯ ದಡದಲ್ಲಿ ನಡೆಯಿತು. ತಲೆ ಮೇಲೆ ದುಪಟ್ಟಾ, ಕಾಲಿಗೆ ರಬ್ಬರ್ ಬೂಟು ಹಾಕಿ ನಾಯಿ ಹಿಡಿದು ನಿಂತ ಹುಣಸೂರಿನ ಹೆಂಗಸನ್ನು ಬೆಳೆಗಾರರು ಕುರ್ಚಿಯಿಂದಲೇ ತಿರುಗಿ ನೋಡಿದರು. ಒಬ್ಬ “ಅಡುಗೆಯವರಾ?” ಎಂದು ಕೇಳಿದ್ದು ಅವಳ ಕಿವಿಗೂ ಬಿತ್ತು.

ಮೊದಲ ಗಂಟನ್ನು ಜೀರಾ ಹುಲ್ಲಿನಿಂದ ತಂದಿತು. ಎರಡನೆಯದನ್ನು ನೀರಿನಿಂದ. ಕುರ್ಚಿಗಳಲ್ಲಿ ಮಾತು ನಿಂತಿತು. ಮೂರನೆಯ ಗಂಟನ್ನು ಎಸೆಯಲು ಜೊಂಡಿನ ಪೊದೆಯೊಳಗೆ ಒಬ್ಬ ಆಳನ್ನು ಕೂರಿಸಿದ್ದರು. ಜೀರಾ ಅರ್ಧ ದಾರಿ ಹೋಗಿ ನಿಂತಿತು. ಮೂಗೆತ್ತಿತು. ಗಂಟಿನ ಕಡೆ ಒಮ್ಮೆ, ಪೊದೆಯ ಕಡೆ ಒಮ್ಮೆ ನೋಡಿ, ನೆಟ್ಟಗೆ ಪೊದೆಗೆ ನುಗ್ಗಿ, ಅಡಗಿ ಕೂತವನ ಎದುರು ನಿಂತು ಊರು ಕೇಳುವ ಹಾಗೆ ಬೊಗಳಿತು. ಆ ಆಳು ಕೈಯೆತ್ತಿಕೊಂಡು ಎದ್ದು ನಿಂತ. ದಡವೆಲ್ಲ ನಗೆ.

“ನೋಡಿದ್ರಾ?” ಎಂದರು ಚೆಂಗಪ್ಪನವರು. ಅವರು ಮಾತ್ರ ನಕ್ಕಿರಲಿಲ್ಲ; ಅವರಿಗೆ ನಿಜಕ್ಕೂ ಬೇಜಾರಾಗಿತ್ತು. “ಹೊರಗೆ ಹಾಕ್ಬೇಕಾಗುತ್ತೆ. ನಿಯಮ.”

“ಹಾಕಿ,” ಎಂದಳು ಫಹ್ಮೀದಾ. ಕೆನ್ನೆ ಉರಿಯುತ್ತಿತ್ತು. “ಅವಳು ತಪ್ಪು ಮಾಡಿದಾಳೆ, ಒಪ್ತೀನಿ. ಆದ್ರೆ ನಿಮ್ಮ ಬೇರೆ ಹತ್ತು ನಾಯಿಗಳೂ ಆ ಮನುಷ್ಯನ್ನ ದಾಟಿ ಹೋದ್ವು. ಅವನು ಸತ್ತು ಬಿದ್ದಿದ್ರೂ ದಾಟಿ ಹೋಗ್ತಿದ್ವು.”

ಮನೆಗೆ ಬಂದು ಚಪ್ಪರದಲ್ಲಿ ಕೂತು ಅತ್ತಳು. ರಿಯಾಜ್ ಬಾಗಿಲಲ್ಲಿ ನಿಂತು ನೋಡಿದ. ಮರುದಿನ ಬೆಳಿಗ್ಗೆ ಅವಳು ಪಟ್ಟಿ ತೆಗೆದುಕೊಂಡು ಮತ್ತೆ ಕೆರೆಗೆ ಹೋದಳು. ಈಗ ಹೊಸ ಪಾಠ: ದಡದ ಪೊದೆಯಲ್ಲಿ ವೀರಮ್ಮ ಕೂತಿರುತ್ತಾಳೆ, ಆದರೂ ಅವಳನ್ನು ಬಿಟ್ಟು ಗಂಟು ತರಬೇಕು. ಜೀರಾಗೆ ಇದು ಬಹಳ ಕಷ್ಟವಾಯಿತು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ವೀರಮ್ಮನ ಕಡೆ ನೋಡಿ ಕುಂಯ್ ಎನ್ನುತ್ತಿತ್ತು.

ಏಪ್ರಿಲ್ಲಿನ ಒಂದು ಬೆಳಿಗ್ಗೆ ನಂಜಣ್ಣ ಅಂಗಡಿ ಮುಂದೆ ಗೂಡ್ಸ್ ಆಟೋ ನಿಲ್ಲಿಸಿದ. ಅವನ ನೆಂಟ ಶಿವನಂಜಪ್ಪನದು ಅಂತರಸಂತೆಯ ಹತ್ತಿರ ಜಮೀನು. ಅವನ ತಾಯಿ ಗುರುಶಾಂತಮ್ಮ, ಎಪ್ಪತ್ತೆರಡು ವಯಸ್ಸು, ನಿನ್ನೆ ಮಧ್ಯಾಹ್ನದಿಂದ ಕಾಣೆ. ಕರು ಹುಡುಕಿಕೊಂಡು ಹೋದವರು ಬಂದಿಲ್ಲ.

“ಜೀನು ತಕ್ಕೊ. ನಡಿ,” ಎಂದ ನಂಜಣ್ಣ.

ಎಚ್.ಡಿ. ಕೋಟೆ ದಾಟಿ ಅಲ್ಲಿಗೆ ಮುಟ್ಟುವಾಗ ಹತ್ತು ಗಂಟೆ. ಹೊಲದ ಅಂಚಿನಲ್ಲಿ ಐವತ್ತು ಅರವತ್ತು ಜನ. ಹುಡುಕಾಟ ನೋಡಿಕೊಳ್ಳಲು ಬಂದಿದ್ದ ಅಧಿಕಾರಿಯ ಹೆಸರು ಮೂರ್ತಿ. ಮುದುಕಿ ಸಂತೆಯ ದಾರಿ ಹಿಡಿದಿರಬೇಕು ಎಂದು ಅವರ ಎಣಿಕೆ. ಅರ್ಧ ಜನ ಆಗಲೇ ಆ ಕಡೆ ಹೋಗಿದ್ದರು. ಜೀರಾಳನ್ನು ಕಂಡು ಅವರು ಕೈ ಅಡ್ಡ ಹಿಡಿದರು.

“ಯಾರ್ರೀ ನೀವು? ಈ ನಾಯಿಗೆ ಸರ್ಟಿಫಿಕೇಟ್ ಇದೆಯಾ?”

“ಇಲ್ಲ ಸಾರ್.”

“ಮತ್ತೆ? ಸಾಕಿದ ನಾಯಿ ಬಿಟ್ಟು ಜನರ ದಿಕ್ಕು ತಪ್ಪಿಸ್ಬೇಡಿ. ಆ ಕಡೆ ನಿಂತ್ಕೊಳ್ಳಿ.”

ಫಹ್ಮೀದಾ ಶಿವನಂಜಪ್ಪನ ಕಡೆ ತಿರುಗಿದಳು. ರಾತ್ರಿಯೆಲ್ಲ ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು. “ಅಣ್ಣ, ಈ ಹೊಲ ಯಾರ್ದು?”

“ನಮ್ದೇ ಕಣಮ್ಮ.”

“ನಾನು ನಡೀಬಹುದಾ ಇದರಲ್ಲಿ?”

“ನಮ್ಮವ್ವ ಸಿಕ್ತಾಳೆ ಅಂದ್ರೆ ಮನೆ ಒಳಿಕ್ಕೆ ಬೇಕಾದ್ರೂ ನುಗ್ಗು ತಾಯಿ.”

“ಕೇಳಿಸ್ತಲ್ಲ ಸಾರ್? ನಾನು ಸರ್ಕಾರದ ಜಾಗದಲ್ಲಿಲ್ಲ. ನನ್ನನ್ನ ಹೊರಗೆ ಕಳಿಸ್ಬೇಕಾದ್ರೆ ಇವರು ಕಳಿಸ್ಬೇಕು.” ಹೇಳುತ್ತಲೇ ಬಗ್ಗಿ ಜೀನಿನ ಬಕಲು ಹಾಕಿದಳು. “ಹುಡುಕು.”

ಗೆಜ್ಜೆ ಜಣಜಣ ಎನ್ನುತ್ತಾ ಜೀರಾ ಓಡಿತು. ಜನ ತುಳಿದಾಡಿದ ಕಡೆ ಅದಕ್ಕೆ ಆಸಕ್ತಿಯಿರಲಿಲ್ಲ. ರಾಗಿ ಕೂಳೆಯ ಹೊಲ ದಾಟಿ, ಕಬಿನಿ ಹಿನ್ನೀರು ಒಳಚಾಚಿದ ಕೊಲ್ಲಿಯ ದಡಕ್ಕೆ ಬಂದು ನಿಂತಿತು. ಬೇಸಿಗೆಯಾದ್ದರಿಂದ ನೀರು ಇಳಿದು ಕೊಲ್ಲಿ ಕಿರಿದಾಗಿತ್ತು. ಆದರೂ ಒಂದು ಕಲ್ಲೆಸೆತಕ್ಕೆ ಆಚೆ ದಡ ಸಿಗುತ್ತಿರಲಿಲ್ಲ. ಆಚೆ ಬರೀ ಲಾಂಟಾನ ಪೊದೆ, ಅದರ ಹಿಂದೆ ಕಾಡು. ಜೀರಾ ಮೂಗೆತ್ತಿ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಇಟ್ಟು, ನೀರಿಗೆ ಇಳಿಯಿತು.

“ಏಯ್, ನಾಯಿ ಕರೀರಿ! ಮೊಸಳೆ ಇದಾವೆ ಇಲ್ಲಿ!” ಹಿಂದೆಯೇ ಬಂದಿದ್ದ ಮೂರ್ತಿ ಕೂಗಿದರು. ಆ ಕೂಗಿನಲ್ಲಿ ಅಧಿಕಾರ ಇರಲಿಲ್ಲ, ಗಾಬರಿ ಇತ್ತು.

ಸೀಟಿ ಆಗಲೇ ಫಹ್ಮೀದಾಳ ತುಟಿಯಲ್ಲಿತ್ತು. ಉದ್ದಕ್ಕೆ ಒಂದು ಊದಿದರೆ ಸಾಕು, ಜೀರಾ ನೀರಿನಲ್ಲೇ ತಿರುಗಿ ಅವಳ ಮುಖ ನೋಡುತ್ತಿತ್ತು. ಎರಡು ಊದಿದರೆ ವಾಪಸು ಬರುತ್ತಿತ್ತು. ಅಷ್ಟು ಚೆನ್ನಾಗಿ ಕಲಿಸಿದ್ದಳು. ಆದರೆ ಮೈಮೇಲೆ ಇದ್ದದ್ದು ಪಟ್ಟಿಯಲ್ಲ, ಜೀನು. ನನ್ನ ಮಾತು ಬಿಡು, ನಿನ್ನ ಮೂಗು ಹೇಳಿದಂತೆ ಕೇಳು ಎಂದು ವರ್ಷವಿಡೀ ಹೇಳಿಕೊಟ್ಟು, ಈಗ ತನಗೆ ಭಯವಾಯಿತು ಎಂದು ಕರೆಯುವುದೇ? ಅವಳು ಸೀಟಿಯನ್ನು ಬಾಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಣಗಿ ನಿಂತ ಮರದ ಬೊಡ್ಡೆಗಳ ನಡುವೆ ಕಂದು ತಲೆ ಚಿಕ್ಕದಾಗುತ್ತಾ ಹೋಯಿತು. ಆಚೆ ದಡ ಹತ್ತಿ ಮೈಕೊಡವಿತು, ಪೊದೆಗೆ ನುಗ್ಗಿತು.

ಆಮೇಲೆ ಏನೂ ಇಲ್ಲ. ಗೆಜ್ಜೆಯೂ ಇಲ್ಲ, ಬೊಗಳೂ ಇಲ್ಲ. ಗಾಳಿ ಜೋರಾಗಿ ಅಡ್ಡ ಬೀಸುತ್ತಿತ್ತು.

“ಹೋಯ್ತು ನಿಮ್ಮ ನಾಯಿ,” ಎಂದು ಯಾರೋ ಅಂದರು.

ಕಾಲು ಗಂಟೆಯಾಯಿತು. ಫಹ್ಮೀದಾ ದಡದಲ್ಲಿ ಕಂಬದಂತೆ ನಿಂತಿದ್ದಳು. ಆಚೆ ಪೊದೆ ಅಲ್ಲಾಡಿತು. ಜೀರಾ ಹೊರಬಂದು ನೀರಿಗಿಳಿದು ಈಜತೊಡಗಿತು. ಬಾಯಲ್ಲಿ ಏನೋ ಇತ್ತು. ಹತ್ತಿರ ಬಂದಾಗ ಬಟ್ಟೆ ಎಂದು ಕಂಡಿತು. ದಡ ಹತ್ತಿ, ಅವಳೆದುರು ಕೂತು, ತಲೆಯೆತ್ತಿ, ಕೈಗೆ ಕೊಟ್ಟಿತು. ಬಣ್ಣಬಣ್ಣದ ಚೂರು ಸೇರಿಸಿ ಹೊಲಿದ ಎಲೆಅಡಿಕೆ ಸಂಚಿ. ಹಲ್ಲಿನ ಗುರುತಿಲ್ಲ.

“ಅವ್ವಂದು!” ಶಿವನಂಜಪ್ಪನ ಬಿದ್ದುಹೋದ ದನಿ ಕೀರಲಾಗಿ ಎದ್ದಿತು. “ನಮ್ಮವ್ವನ ಸಂಚಿ ಕಣ್ರೀ ಇದು!”

ಹುಡುಕುವಾಗ ಏನನ್ನೂ ತರಬಾರದು ಎಂಬ ಪಾಠ ಮುರಿದಿತ್ತು. ಆದರೆ ಜೀರಾ ಅಲ್ಲಿಗೇ ನಿಲ್ಲಲಿಲ್ಲ. ಸಂಚಿ ಕೊಟ್ಟಿದ್ದೇ ತಿರುಗಿ ನೀರಿನಂಚಿಗೆ ಹೋಗಿ, ಆಚೆ ದಡಕ್ಕೆ ಮುಖ ಮಾಡಿ ಬೊಗಳತೊಡಗಿತು. ಅಲ್ಲಿ ಬೊಗಳಿದ್ದು ಇವರಿಗೆ ಕೇಳಿಸಿಲ್ಲ ಎಂದು ಅದಕ್ಕೆ ಗೊತ್ತಾಗಿತ್ತೋ ಏನೋ. ಫಹ್ಮೀದಾಗೆ ಹಾಗನ್ನಿಸಿತು.

ಮೀನು ಹಿಡಿಯುವ ಅಂಕಯ್ಯ ತನ್ನ ತೆಪ್ಪ ಎಳೆದು ತಂದ. “ದೋಣಿ ಬರ್ತಾ ಇದೆ, ಕಾಯಿರಿ,” ಎಂದರು ಮೂರ್ತಿ. ಅವರ ಮಾತು ಮುಗಿಯುವಷ್ಟರಲ್ಲಿ ಫಹ್ಮೀದಾ, ಶಿವನಂಜಪ್ಪ, ಜೀರಾ ತೆಪ್ಪದೊಳಗಿದ್ದರು.

“ನಿಮಗೇನಾದ್ರೂ ಆದ್ರೆ ಯಾರ್ರೀ ಹೊಣೆ?”

“ನಾನೇ!” ಎಂದು ಅವಳು ತಿರುಗಿ ನೋಡದೆ ಕೂಗಿದಳು.

ಪೊದೆಯ ಹಿಂದೆ, ಕಾಡಾನೆ ದಾಟದಂತೆ ತೋಡಿದ ಕಂದಕವಿತ್ತು. ಜೀರಾ ಅದರ ಅಂಚಿನಲ್ಲಿ ನಿಂತು ಬೊಗಳಿತು. ಎರಡಾಳು ಆಳದ ಕೆಳಗೆ, ಕೆಂಪು ಮಣ್ಣಿನಲ್ಲಿ ಗುರುಶಾಂತಮ್ಮ ಗೋಡೆಗೊರಗಿ ಕೂತಿದ್ದರು. ಸೊಂಟದ ಕೆಳಗೆ ಒಂದು ಕಾಲು ಅಡ್ಡಾದಿಡ್ಡಿ ತಿರುಗಿತ್ತು. ಕೊಲ್ಲಿಯ ತುದಿ ಬಳಸಿ ಕರುವಿನ ಹೆಜ್ಜೆ ಹಿಡಿದು ಬಂದು ಜಾರಿ ಬಿದ್ದಿದ್ದರು. ಯಾರಾದರೂ ಕಾಣಲಿ ಎಂದು ಸಂಚಿಯನ್ನು ಮೇಲಕ್ಕೆ ಎಸೆದಿದ್ದರು.

“ಅವ್ವಾ!”

ಮುದುಕಿ ಬಿರಿದ ತುಟಿ ಆಡಿಸಿದರು. “ಬಂದ್ಯಾ ಮಗಾ... ಅದ್ಯಾವ್ದೋ ನಾಯಿ ಕಣ್ಲಾ, ಬಂದು ಬೊಗುಳ್ತು, ಬೊಗುಳ್ತು, ಆಮ್ಯಾಕೆ ನನ್ ಸಂಚಿ ಎತ್ಕೊಂಡ್ ಓಡೋಯ್ತು.”

ಶಿವನಂಜಪ್ಪ ಅಳುತ್ತಲೇ ನಕ್ಕ. ಫಹ್ಮೀದಾ ಕಂದಕದ ಅಂಚಿನಲ್ಲಿ ಮಂಡಿಯೂರಿ ಕೂತಳು. ಕೆಳಗಿದ್ದ ಮುಖ ಅವಳ ಅಮ್ಮಿಯ ಮುಖವಾಗಿರಲಿಲ್ಲ, ಆಗುವುದೂ ಸಾಧ್ಯವಿರಲಿಲ್ಲ. ಆದರೆ ಆ ಮುಖ ಮಾತಾಡುತ್ತಿತ್ತು. ಅವಳು ಜೀರಾಳ ಒದ್ದೆ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು.

ದೋಣಿ ಬಂತು, ಹಗ್ಗ ಬಂತು, ಮೂರ್ತಿಯವರೇ ಕೆಳಗಿಳಿದು ಮುದುಕಿಯನ್ನು ಎತ್ತಲು ಹೆಗಲು ಕೊಟ್ಟರು. ಅದನ್ನು ಫಹ್ಮೀದಾ ಆಮೇಲೆ ಎಲ್ಲರಿಗೂ ಹೇಳಿದಳು, ಅಷ್ಟು ನ್ಯಾಯ ಅವಳಲ್ಲಿತ್ತು. ಆದರೆ ಮರುದಿನದ ವರದಿಯಲ್ಲಿ ‘ಸಾರ್ವಜನಿಕರ ಸಹಕಾರದಿಂದ ಪತ್ತೆ’ ಎಂದಷ್ಟೇ ಬಂದಾಗ ಅವರ ನಂಬರು ಹುಡುಕಿ ಫೋನು ಮಾಡಿದಳು. “ಸಾರ್, ಸಾರ್ವಜನಿಕರಿಗೆ ನಾಲ್ಕು ಕಾಲಿತ್ತು. ಅದನ್ನೂ ಬರೀರಿ.” ಅವರು ಬರೆದರೋ ಇಲ್ಲವೋ ಗೊತ್ತಾಗಲಿಲ್ಲ. ಫೋನು ಇಡುವ ಮುಂಚೆ “ಆಯ್ತಮ್ಮ” ಎಂದದ್ದು ಮಾತ್ರ ಕೇಳಿಸಿತು.

ಹದಿನೈದು ದಿನ ಬಿಟ್ಟು ಚೆಂಗಪ್ಪನವರು ಅಂಗಡಿಗೆ ಬಂದರು. ಚಪ್ಪರಕ್ಕೆ ಹೋಗಿ ಜೀರಾಳ ತಲೆ ಸವರಿ, ಬಂದ ವಿಷಯ ಎತ್ತಿದರು. “ಇವಳನ್ನ ನನಗೆ ವಾಪಸ್ ಕೊಡಿ. ಇಂಥ ಮೂಗು, ಇಂಥ ಬಾಯಿ ನಾನು ನೋಡಿಲ್ಲ. ಒಂದು ಕೆಲಸಕ್ಕೆ ನಿಲ್ಲಿಸಿದ್ರೆ ಇವಳನ್ನ ಮೀರಿಸೋ ನಾಯಿ ಇರಲ್ಲ. ನಿಮಗೆ ಹುಡುಕೋಕೆ ಅಂತ ಒಳ್ಳೇ ಮರಿ ಕೊಡ್ತೀನಿ.”

“ಆವತ್ತು ಸಂಚಿ ತರದೇ ಇದ್ದಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ಲ ಸಾರ್. ಬರೀ ಸಂಚಿ ತಂದು ಸುಮ್ಮನಾಗಿದ್ರೆ ಎಲ್ಲಿ ಅಂತ ಗೊತ್ತಾಗ್ತಿರ್ಲಿಲ್ಲ.”

“ಅದು ಅದೃಷ್ಟ. ಪಾಠದ ಪ್ರಕಾರ ಎರಡೂ ತಪ್ಪು.”

“ಇರ್ಲಿ. ಎರಡೂ ತಪ್ಪನ್ನ ಇಟ್ಕೊಂಡಿರ್ತೀನಿ. ಕೊಡಲ್ಲ.”

ಒಳಗಿನಿಂದ ರಿಯಾಜ್ ಚಹಾ ತಂದಿದ್ದ. ಲೋಟ ಇಟ್ಟು, ಚೆಂಗಪ್ಪನವರ ಮುಖ ನೋಡದೆ ಹೇಳಿದ: “ಕೆಲಸದ ನಾಯಿ ಅದು. ನಮ್ಮನೇದು.” ಹೇಳಿ ಒಳಗೆ ಹೋದ. ಜೀರಾ ಹೊಸಿಲಿನ ಕಡೆ ಒಂದು ಹೆಜ್ಜೆ ಇಟ್ಟಾಗ ಹಚಾ ಎಂದು ಗದರಿಸುವುದನ್ನೂ ಬಿಡಲಿಲ್ಲ.

“ಜನವರಿ ಪರೀಕ್ಷೆಗೆ ಹೆಸರು ಬರ್ಕೊಳ್ಳಿ ಸಾರ್,” ಎಂದಳು ಫಹ್ಮೀದಾ.

“ಮತ್ತೆ ಬೊಗಳಿದ್ರೆ?”

“ಮತ್ತೆ ಹೊರಗೆ ಹಾಕಿ. ಅದರ ಮುಂದಿನ ವರ್ಷ ಮತ್ತೆ ಬರ್ತೀನಿ.”

ಚೆಂಗಪ್ಪನವರು ಅವಳನ್ನೇ ನೋಡಿದರು. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ, ಜೀರಾ, ಹುಣಸೂರು, ಎಂದು ಬರೆದುಕೊಂಡರು.

ಅಷ್ಟರಲ್ಲಿ ಫಹ್ಮೀದಾಳ ಫೋನು ಬಡಿದುಕೊಂಡಿತು. ವೀರಮ್ಮ. ಎಲ್ಲಿಂದಲೋ ಪಿಸುಗುಟ್ಟುತ್ತಿದ್ದಳು. “ಏನವ್ವ, ಒಂದ್ ಗಂಟೆಯಿಂದ ಪೊದೇಲಿ ಕುಂತಿವ್ನಿ, ಇರುವೆ ಕಚ್ಚಿ ಸಾಯ್ಸ್ತಾ ಅವೆ. ಬತ್ತೀಯೋ, ಎದ್ದೋಗ್ಲೋ?”

“ಬಂದೆ ಅಕ್ಕ, ಅಲ್ಲಾಡ್ಬೇಡ,” ಎಂದು ಫಹ್ಮೀದಾ ಎದ್ದಳು.